ಮನೆ ಸಿಗದ ಮಕ್ಕಳನ್ನ ರಾತ್ರಿಯೆಲ್ಲಾ ನೋಡ್ಕೊಳ್ಳೋರು ಯಾರು? ಟೆಕ್ಸಸ್ ಫಾಸ್ಟರ್ ಕೇರ್‌ನ ಎಮರ್ಜೆನ್ಸಿ ಶಿಫ್ಟ್‌ಗಳ ಬಗ್ಗೆ

ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಒಂದು ಮಗು ಸರ್ಕಾರದ ಸುಪರ್ದಿಗೆ ಬಂತು ಅಂದ್ರೆ, ಅವತ್ತು ರಾತ್ರಿ ಆ ಮಗು ಎಲ್ಲಿ ಮಲಗುತ್ತೆ ಅನ್ನೋದನ್ನ ನೋಡ್ಬೇಕಾಗಿರೋದು ಡಿಪಾರ್ಟ್‌ಮೆಂಟ್ ಆಫ್ ಫ್ಯಾಮಿಲಿ ಅಂಡ್ ಪ್ರೊಟೆಕ್ಟಿವ್ ಸರ್ವೀಸಸ್ ಅನ್ನೋ ಇಲಾಖೆ. ಮೊದಲು ಅಜ್ಜಿ, ದೊಡ್ಡಮ್ಮ, ಮಾವ ಅಂತ ಸಂಬಂಧಿಕರನ್ನ ಹುಡುಕ್ತಾರೆ, ಅಲ್ಲಿ ಆಗ್ಲಿಲ್ಲ ಅಂದ್ರೆ ಫಾಸ್ಟರ್ ಕುಟುಂಬ (ಬೇರೆಯವರ ಮಗುನ ತಾತ್ಕಾಲಿಕವಾಗಿ ತಮ್ಮ ಮನೆಯಲ್ಲಿ ನೋಡ್ಕೊಳ್ಳೋರು), ಅದೂ ಇಲ್ಲ ಅಂದ್ರೆ ಲೈಸೆನ್ಸ್ ಇರೋ ಗ್ರೂಪ್ ಹೋಮು ಅಥವಾ ಟ್ರೀಟ್‌ಮೆಂಟ್ ಸೆಂಟರು. ಮಗುವಿನ ಕೇಸ್ ನೋಡ್ಕೊಳ್ಳೋ ಇಲಾಖೆ ನೌಕರರು, ಅಂದ್ರೆ ಕೇಸ್ ವರ್ಕರು, ಫೋನ್ ಹಿಡ್ಕೊಂಡು ಒಂದೊಂದೇ ಕಡೆ ಕೇಳ್ತಾ ಹೋಗ್ತಾರೆ, ಒಬ್ರು ಜಾಗ ಇಲ್ಲ ಅಂತಾರೆ, ಒಬ್ರು ಹದಿನೈದು ವರ್ಷದ ಹುಡುಗ ಆದ್ರೆ ಬೇಡ ಅಂತಾರೆ, ಇನ್ನೊಬ್ರು ಆ ಹುಡುಗಿ ಹೋದ ತಿಂಗಳು ಮನೆ ಬಿಟ್ಟು ಓಡಿಹೋಗಿದ್ಲಂತೆ ನಮ್ಮಿಂದ ಆಗಲ್ಲ ಅಂತಾರೆ. ಹೀಗೆ ಕೇಳ್ತಾ ಕೇಳ್ತಾ ಕತ್ತಲಾಗಿಬಿಡುತ್ತೆ, ಲಿಸ್ಟಲ್ಲಿ ಇನ್ನು ಕರೆ ಮಾಡೋಕೆ ಯಾರೂ ಉಳಿದಿರಲ್ಲ, ಮಗು ಮಾತ್ರ ಆಫೀಸಲ್ಲೇ ಕೂತಿರುತ್ತೆ.

ಇಂಥ ಮಕ್ಕಳನ್ನ ಟೆಕ್ಸಸ್‌ನಲ್ಲಿ ಚಿಲ್ಡ್ರನ್ ವಿತೌಟ್ ಪ್ಲೇಸ್‌ಮೆಂಟ್ ಅಂತಾರೆ. ಕಾನೂನಿನ ಪ್ರಕಾರ ಅವರಿಗೆ ಪೋಷಕರು ಅಂದ್ರೆ ಸರ್ಕಾರವೇ, ಆದ್ರೆ ಸರ್ಕಾರದ ಹತ್ರ ಅವರನ್ನ ಇಡೋಕೆ ಒಂದು ಮನೆ ಇಲ್ಲ. ಹಾಗಂತ ರಸ್ತೆಗೆ ಬಿಡೋಕಾಗಲ್ಲ. ಆಫೀಸಲ್ಲೋ ಹೋಟೆಲ್ ರೂಮಲ್ಲೋ ಬಾಡಿಗೆ ಮನೆಯಲ್ಲೋ ಯಾವುದೋ ಚರ್ಚು ಬಿಟ್ಟುಕೊಟ್ಟ ಹಾಲಲ್ಲೋ ಮಲಗಿಸ್ತಾರೆ, ಅಲ್ಲಿ ದಿನದ 24 ಗಂಟೆನೂ ಯಾರಾದ್ರೂ ದೊಡ್ಡವರು ಎಚ್ಚರವಾಗಿ ಇರ್ಲೇಬೇಕು. ಆ "ಯಾರಾದ್ರೂ" ಎಲ್ಲಿಂದ ಬರ್ತಾರೆ, ಅವರನ್ನ ಶಿಫ್ಟ್ ಮೇಲೆ ಹಾಕಿದ್ರೆ ಉಳಿದ ಕೆಲಸಕ್ಕೆ ಏನಾಗುತ್ತೆ, ಇದನ್ನ ಸ್ವಲ್ಪ ಬಿಡಿಸಿ ಹೇಳೋಣ ಅಂತ ಬರೀತಿದೀನಿ. ಯಾಕಂದ್ರೆ "ಮಕ್ಕಳು ಆಫೀಸಲ್ಲಿ ಮಲಗ್ತಿದಾರೆ" ಅಂತ ಸುದ್ದಿ ಬಂದಾಗೆಲ್ಲಾ ಜನ ಕೇಳೋದು ಒಂದೇ ಪ್ರಶ್ನೆ, ಅಷ್ಟು ದೊಡ್ಡ ಶ್ರೀಮಂತ ದೇಶದಲ್ಲಿ ಇನ್ನೊಂದಷ್ಟು ಜನರನ್ನ ಕೆಲಸಕ್ಕೆ ಇಟ್ಕೊಂಡ್ರೆ ಮುಗೀತಲ್ವಾ ಅಂತ. ಅದು ಮುಗಿಯಲ್ಲ, ಕೆಲವು ಸಲ ಅದರಿಂದಾನೇ ಸಮಸ್ಯೆ ಇನ್ನೂ ಹೆಚ್ಚಾಗುತ್ತೆ.

ಮೊದಲು ನಮ್ಮವರಿಗೆ ಗೊಂದಲ ಆಗೋ ಒಂದು ವಿಷಯ ಹೇಳ್ಬಿಡ್ತೀನಿ. ಕರ್ನಾಟಕದಲ್ಲಿ ಆಸರೆ ಇಲ್ಲದ ಮಗು ಸಿಕ್ಕಿದ್ರೆ 24 ಗಂಟೆ ಒಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಕರ್ಕೊಂಡು ಹೋಗ್ಬೇಕು, ಸಮಿತಿ ಹೇಳಿದ್ರೆ ಸರ್ಕಾರಿ ಬಾಲಮಂದಿರಕ್ಕೋ ನೋಂದಣಿ ಆಗಿರೋ ಸಂಸ್ಥೆಗೋ ಸೇರಿಸ್ತಾರೆ. ಬಾಲಮಂದಿರಗಳ ಸ್ಥಿತಿಗತಿ ಬೇರೆ ಚರ್ಚೆ, ಆದ್ರೆ ಕೊನೆಗೆ ಒಂದು ಕಟ್ಟಡ, ಒಂದು ಸಿಬ್ಬಂದಿ ಅಂತ ಇರುತ್ತೆ. ಅಮೆರಿಕ ಅಂಥ ದೊಡ್ಡ ಅನಾಥಾಲಯಗಳನ್ನ ಹಲವು ದಶಕಗಳ ಹಿಂದೆಯೇ ಹೆಚ್ಚುಕಡಿಮೆ ಮುಚ್ಚಿಬಿಡ್ತು, ಮಗು ಕುಟುಂಬದಲ್ಲೇ ಬೆಳೀಬೇಕು ಅನ್ನೋ ಯೋಚನೆಯಿಂದ. ಆ ಯೋಚನೆ ಸರಿಯಾಗೇ ಇದೆ, ಅದನ್ನ ನಾನು ಪೂರ್ತಿ ಒಪ್ತೀನಿ. 2018ರಲ್ಲಿ ಬಂದ ಫ್ಯಾಮಿಲಿ ಫಸ್ಟ್ ಅನ್ನೋ ಫೆಡರಲ್ (ಕೇಂದ್ರ ಸರ್ಕಾರದ) ಕಾನೂನು ಇದನ್ನ ಇನ್ನೂ ಬಿಗಿ ಮಾಡ್ತು, ಗ್ರೂಪ್ ಹೋಮಲ್ಲಿ ಮಗುನ ಎರಡು ವಾರಕ್ಕಿಂತ ಜಾಸ್ತಿ ಇಟ್ರೆ ಕೆಲವು ವಿಶೇಷ ಥರದ ಸಂಸ್ಥೆಗಳನ್ನ ಬಿಟ್ಟು ಬೇರೆದಕ್ಕೆ ಫೆಡರಲ್ ದುಡ್ಡು ಬರಲ್ಲ. ಆದ್ರೆ ಸಂಸ್ಥೆಗಳು ಕಮ್ಮಿ ಆದಷ್ಟು ವೇಗದಲ್ಲಿ ಕಷ್ಟದ ಮಕ್ಕಳನ್ನ ನೋಡ್ಕೊಳ್ಳೋ ಕುಟುಂಬಗಳು ಹೆಚ್ಚಾಗ್ಲಿಲ್ಲ. ಆ ನಡುವಿನ ಕಂದಕದಲ್ಲೇ ಈ ಹೋಟೆಲ್ ರೂಮುಗಳು ಇರೋದು.

ಇಲ್ಲಿ ಇನ್ನೊಂದು ವಿಚಿತ್ರ ನೋಡಿ. ಇಡೀ ದೇಶದಲ್ಲಿ ಫಾಸ್ಟರ್ ಕೇರಲ್ಲಿರೋ ಮಕ್ಕಳ ಸಂಖ್ಯೆ ಕೆಲವು ವರ್ಷದಿಂದ ಇಳೀತಾನೇ ಇದೆ, 2023ರ ಸೆಪ್ಟೆಂಬರ್ ಕೊನೆಗೆ ಸುಮಾರು 3.43 ಲಕ್ಷ ಇತ್ತು, ಅದಕ್ಕಿಂತ ಐದಾರು ವರ್ಷ ಹಿಂದೆ 4.3 ಲಕ್ಷದ ಮೇಲಿತ್ತು. ಟೆಕ್ಸಸ್ ಕೂಡ 2021ರಲ್ಲಿ ಕಾನೂನು ಬದಲಾಯಿಸಿ, ನಿರ್ಲಕ್ಷ್ಯ ಅಂದ್ರೆ ಏನು ಅನ್ನೋ ವ್ಯಾಖ್ಯೆಯನ್ನ ಬಿಗಿ ಮಾಡಿದ್ಮೇಲೆ ಮನೆಯಿಂದ ಮಕ್ಕಳನ್ನ ಕರ್ಕೊಂಡು ಬರೋದು ಕಮ್ಮಿ ಆಯ್ತು. ಮಕ್ಕಳು ಕಮ್ಮಿ ಆದ್ರೆ ಜಾಗ ಸಾಲ್ಬೇಕಲ್ವಾ? ಸಾಲಲ್ಲ, ಯಾಕಂದ್ರೆ ಜಾಗ ಸಿಗದೆ ಉಳಿಯೋ ಮಕ್ಕಳೇ ಬೇರೆ. ಎರಡು ವರ್ಷದ ಪಾಪುಗೆ ಮನೆ ಸಿಕ್ಕೇ ಸಿಗುತ್ತೆ. ಸಿಗದೆ ಇರೋದು ಟೀನೇಜ್ ಮಕ್ಕಳಿಗೆ, ಅದ್ರಲ್ಲೂ ಮಾನಸಿಕ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಬಂದವರಿಗೆ, ಬಾಲಾಪರಾಧಿಗಳನ್ನ ಇಡೋ ಜುವೆನೈಲ್ ಡಿಟೆನ್ಷನ್ನಿಂದ ಹೊರಗೆ ಬಂದವರಿಗೆ, ಆಟಿಸಂ ಜೊತೆ ಕೋಪ ತಡ್ಕೊಳ್ಳೋಕೆ ಆಗದವರಿಗೆ, ಈಗಾಗ್ಲೇ ಹತ್ತು ಕಡೆ ಇದ್ದು ಹತ್ತು ಕಡೆಯಿಂದಲೂ ಕಳಿಸಲ್ಪಟ್ಟವರಿಗೆ. ಕೆಲವರು ಹೊಸ ಜಾಗ ಸಿಕ್ಕಿದ್ರೂ ನಾನು ಹೋಗಲ್ಲ ಅಂತಾರೆ, ಅದನ್ನ ಹಠ ಅಂತ ಬರ್ಕೊಳ್ಳೋರಿದ್ದಾರೆ. ಅಷ್ಟು ಸಲ ಸಾಮಾನು ಕಟ್ಕೊಂಡು ಹೊರಟ ಮಗು ಹನ್ನೊಂದನೇ ಸಲ ಯಾಕೆ ನಂಬ್ಬೇಕು ಹೇಳಿ.

ಇನ್ನೂ ಒಂದು ಗುಂಪಿದೆ, ಇದನ್ನ ಓದಿದಾಗ ನನಗೆ ತುಂಬಾ ಸಂಕಟ ಆಯ್ತು. ಹೊಡೆತ ಬಡಿತ ಏನೂ ಇಲ್ಲದ ಮನೆಯ ಮಕ್ಕಳು. ಮಗ ಆತ್ಮಹತ್ಯೆಗೆ ಪ್ರಯತ್ನಿಸಿ ಆಸ್ಪತ್ರೆ ಸೇರಿರ್ತಾನೆ, ಇನ್ಶೂರೆನ್ಸ್ ಇಷ್ಟು ದಿನಕ್ಕಷ್ಟೇ ಕೊಡೋದು ಅಂತ ಆಸ್ಪತ್ರೆಯವರು ಕರ್ಕೊಂಡು ಹೋಗಿ ಅಂತಾರೆ, ಮನೆಯಲ್ಲಿ ಚಿಕ್ಕ ತಂಗಿ ಇದಾಳೆ ಅವಳ ಮೇಲೆ ಕೈ ಮಾಡಿದಾನೆ, ಅಪ್ಪ ಅಮ್ಮ ಏನು ಮಾಡ್ಬೇಕು ಗೊತ್ತಾಗದೆ ನಾವು ಕರ್ಕೊಂಡು ಹೋಗಲ್ಲ ಅಂತ ಕೈಚೆಲ್ತಾರೆ. ಕಾನೂನಲ್ಲಿ ಅದಕ್ಕೆ ಪೋಷಕರ ಜವಾಬ್ದಾರಿ ನಿರಾಕರಣೆ ಅಂತ ಹೆಸರು, ಮಗು ಸರ್ಕಾರದ ಸುಪರ್ದಿಗೆ ಬರುತ್ತೆ. ಆ ಮಗುಗೆ ಬೇಕಾಗಿದ್ದು ಟ್ರೀಟ್‌ಮೆಂಟ್, ಸಿಕ್ಕಿದ್ದು ಹೋಟೆಲ್ ರೂಮು ಮತ್ತೆ ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕೂತ ಪರಿಚಯ ಇಲ್ಲದ ಒಬ್ರು.

ಟೆಕ್ಸಸ್‌ನಲ್ಲಿ ಇದು ಸ್ಫೋಟ ಆಗಿದ್ದು 2021ರಲ್ಲಿ. ಅದಕ್ಕೆ ಹಿನ್ನೆಲೆ ಇದೆ. 2011ರಲ್ಲಿ ಫಾಸ್ಟರ್ ಮಕ್ಕಳ ಪರವಾಗಿ ರಾಜ್ಯದ ಮೇಲೆ ಫೆಡರಲ್ ಕೋರ್ಟಲ್ಲಿ ಒಂದು ಕೇಸ್ ಹಾಕಿದ್ರು, 2015ರ ಡಿಸೆಂಬರಲ್ಲಿ ಜಡ್ಜ್ ಜಾನಿಸ್ ಗ್ರಹಾಂ ಜ್ಯಾಕ್ ಅವರು ಈ ವ್ಯವಸ್ಥೆ ಮಕ್ಕಳ ಸಾಂವಿಧಾನಿಕ ಹಕ್ಕನ್ನೇ ಉಲ್ಲಂಘಿಸ್ತಿದೆ ಅಂತ ತೀರ್ಪು ಕೊಟ್ರು. ಮೇಲಿನ ಕೋರ್ಟು ಅದರಲ್ಲಿ ಕೆಲವನ್ನ ತೆಗೆದು ಕೆಲವನ್ನ ಉಳಿಸ್ತು. ಆಮೇಲೆ ಕೋರ್ಟೇ ನೇಮಿಸಿದ ಮಾನಿಟರ್‌ಗಳು ಬಂದು ಸಂಸ್ಥೆಗಳ ಒಳಗೆ ಹೋಗಿ ನೋಡೋಕೆ ಶುರು ಮಾಡಿದ್ರು, ಪದೇ ಪದೇ ನಿಯಮ ಮುರಿದವರ ಮೇಲೆ ಹೆಚ್ಚಿನ ನಿಗಾ ಬಂತು. ಕೆಲವು ಸಂಸ್ಥೆಗಳು ಮುಚ್ಚಿದ್ವು, ಕೆಲವು ಮುಚ್ಚಲೇಬೇಕಿತ್ತು, ಅಲ್ಲಿ ಮಕ್ಕಳಿಗೆ ಆಗ್ತಿದ್ದಿದ್ದು ಅಂಥದ್ದು. ಇನ್ನು ಕೆಲವು ಕೋವಿಡ್ ಸಮಯದಲ್ಲಿ ಕೆಲಸಕ್ಕೆ ಜನ ಸಿಗದೆ, ಸರ್ಕಾರ ಕೊಡೋ ದುಡ್ಡು ಸಾಲದೆ ಬಾಗಿಲು ಹಾಕಿದ್ವು. ಒಟ್ಟಿನಲ್ಲಿ ಸ್ವಲ್ಪ ಸಮಯದಲ್ಲೇ ಸಾವಿರಕ್ಕೂ ಹೆಚ್ಚು ಬೆಡ್ ಮಾಯ ಆದ್ವು, ಬದಲಿಗೆ ಏನೂ ತಯಾರಿರಲಿಲ್ಲ. 2021ರ ಬೇಸಿಗೆಯಲ್ಲಿ ಒಂದೇ ತಿಂಗಳಲ್ಲಿ 400ಕ್ಕೂ ಹೆಚ್ಚು ಮಕ್ಕಳು ಹೀಗೆ ಜಾಗ ಇಲ್ಲದೆ ರಾತ್ರಿ ಕಳೆದ್ರು.

ಈಗ ಶಿಫ್ಟಿನ ಲೆಕ್ಕಕ್ಕೆ ಬರೋಣ, ಪೆನ್ನು ಪೇಪರ್ ಇಟ್ಕೊಂಡು ನೋಡಿದ್ರೆ ಎಲ್ಲಾ ಅರ್ಥ ಆಗುತ್ತೆ. ವಾರಕ್ಕೆ 168 ಗಂಟೆ. ಒಂದು ಬಾಡಿಗೆ ಮನೆಯಲ್ಲಿ ಮೂರು ಮಕ್ಕಳಿದಾರೆ ಅಂತಿಟ್ಕೊಳ್ಳಿ. ಒಬ್ಬರೇ ಸಿಬ್ಬಂದಿ ಇದ್ರೆ ಒಂದು ಮಗು ಓಡಿದಾಗ ಇನ್ನಿಬ್ಬರ ಹತ್ರ ಯಾರೂ ಇರಲ್ಲ, ಅದಕ್ಕೆ ಕನಿಷ್ಠ ಇಬ್ಬರು ಬೇಕು. ಇಬ್ಬರು ಅಂದ್ರೆ ವಾರಕ್ಕೆ 336 ಗಂಟೆ ಕೆಲಸ. ಒಬ್ಬರು ವಾರಕ್ಕೆ 40 ಗಂಟೆ ಮಾಡಿದ್ರೆ ಎಂಟೂವರೆ ಜನರಷ್ಟು ಕೆಲಸ ಆಯ್ತು, ರಜೆ, ಹುಷಾರಿಲ್ಲದ ದಿನ, ಟ್ರೈನಿಂಗ್ ಎಲ್ಲಾ ಸೇರಿಸಿದ್ರೆ ಹತ್ತು ಜನ. ಮೂವರಲ್ಲಿ ಒಂದು ಮಗುಗೆ ತನ್ನನ್ನ ತಾನು ಗಾಯ ಮಾಡ್ಕೊಳ್ಳೋ ಅಪಾಯ ಇದೆ, ಸದಾ ಕಣ್ಣೆದುರು ಒಬ್ರು ಇರ್ಲೇಬೇಕು ಅಂತ ಡಾಕ್ಟರ್ ಹೇಳಿದ್ರೆ ಇನ್ನೂ 168 ಗಂಟೆ ಸೇರುತ್ತೆ, ಅಲ್ಲಿಗೆ 504 ಗಂಟೆ, ರಜೆ ಎಲ್ಲಾ ಸೇರಿಸಿದ್ರೆ ಹದಿನೈದು ಜನ. ಮೂರು ಮಕ್ಕಳ ಒಂದೇ ಒಂದು ಮನೆಗೆ! ಇಂಥ ಜಾಗಗಳು ಊರೂರಲ್ಲಿ ಹರಡ್ಕೊಂಡಿದ್ರೆ, ನಾಳೆ ಎಷ್ಟು ಮಕ್ಕಳು ಬರ್ತಾರೆ ಅನ್ನೋದೇ ಗೊತ್ತಿಲ್ಲದೆ ಇದ್ರೆ, ರೋಸ್ಟರ್ ಹಾಕೋರ ಪಾಡು ಯೋಚನೆ ಮಾಡಿ.

ಆ ಜನ ಎಲ್ಲಿಂದ ಬರ್ಬೇಕು? ಟೆಕ್ಸಸ್ ಮೊದಲು ಕೈ ಹಾಕಿದ್ದು ತನ್ನದೇ ಕೇಸ್ ವರ್ಕರ್‌ಗಳಿಗೆ. ಹಗಲೆಲ್ಲಾ ಅವರದೇ ಕೆಲಸ ಇರುತ್ತೆ, ಪ್ರತಿ ತಿಂಗಳು ಒಂದೊಂದು ಮಗುನೂ ಹೋಗಿ ನೋಡ್ಬೇಕು, ಕೋರ್ಟಿಗೆ ರಿಪೋರ್ಟ್ ಬರೀಬೇಕು, ಅಪ್ಪ ಅಮ್ಮ ಕುಡಿತ ಬಿಡೋ ಚಿಕಿತ್ಸೆಗೆ ಹೋಗ್ತಿದಾರಾ ಕೇಳ್ಬೇಕು, ದೂರದ ಊರಲ್ಲಿರೋ ಅತ್ತೆನ ಪತ್ತೆ ಮಾಡ್ಬೇಕು. ಅದಾದ್ಮೇಲೆ ರಾತ್ರಿ ಶಿಫ್ಟ್, ಕೆಲವು ಸಲ ಕಡ್ಡಾಯ, ಕೆಲವು ಸಲ ಓವರ್‌ಟೈಮ್, ತನ್ನ ಮಕ್ಕಳನ್ನ ಮನೆಯಲ್ಲಿ ಬಿಟ್ಟು ಬಂದು ಇನ್ಯಾರದೋ ಕೇಸಿನ ಮಕ್ಕಳನ್ನ ಬೆಳಗಿನ ತನಕ ಕಾಯೋದು. ಅವರು ಓದಿರೋದು, ಟ್ರೈನಿಂಗ್ ತಗೊಂಡಿರೋದು ತನಿಖೆ ಮಾಡೋಕೆ, ಕುಟುಂಬದ ಜೊತೆ ಕೆಲಸ ಮಾಡೋಕೆ. ರಾತ್ರಿ ಎರಡು ಗಂಟೆಗೆ ಗೋಡೆಗೆ ತಲೆ ಚಚ್ಕೊಳ್ತಿರೋ ಮಗುನ ಹೇಗೆ ಸಮಾಧಾನ ಮಾಡ್ಬೇಕು, ನಾಲ್ಕು ಥರದ ಮಾನಸಿಕ ರೋಗದ ಮಾತ್ರೆಗಳನ್ನ ಯಾವ ಹೊತ್ತಿಗೆ ಎಷ್ಟು ಕೊಡ್ಬೇಕು ಅನ್ನೋದು ಒಂದು ಟ್ರೀಟ್‌ಮೆಂಟ್ ಸೆಂಟರಿನ ಸಿಬ್ಬಂದಿ ಕಲಿಯೋ ವಿದ್ಯೆ.

ಇದರಿಂದ ಏನಾಯ್ತು ಅಂದ್ರೆ, ಕೇಸ್ ವರ್ಕರು ರಾತ್ರಿ ಕೂತ್ಕೊಂಡಿದ್ದಕ್ಕೆ ಮಾರನೇ ದಿನ ಅವರ ಭೇಟಿಗಳು ತಪ್ತವೆ, ಆ ಅತ್ತೆಗೆ ಫೋನ್ ಹೋಗಲ್ಲ, ಕೋರ್ಟಿನ ರಿಪೋರ್ಟ್ ಲೇಟಾಗಿ ವಿಚಾರಣೆ ಮುಂದಕ್ಕೆ ಹೋಗುತ್ತೆ, ಮನೆಗೆ ವಾಪಸ್ ಹೋಗಬಹುದಾಗಿದ್ದ ಇನ್ನೊಂದು ಮಗು ಇನ್ನೂ ಎರಡು ತಿಂಗಳು ಫಾಸ್ಟರ್ ಮನೆಯಲ್ಲೇ ಉಳಿಯುತ್ತೆ, ಆ ಬೆಡ್ ಖಾಲಿ ಆಗಲ್ಲ, ಬೆಡ್ ಖಾಲಿ ಆಗದೆ ಇರೋದಕ್ಕೆ ಇವತ್ತು ರಾತ್ರಿ ಇನ್ನೊಂದು ಮಗು ಹೋಟೆಲಿಗೆ ಬರುತ್ತೆ, ಅದನ್ನ ಕಾಯೋಕೆ ಇನ್ನೊಬ್ಬ ಕೇಸ್ ವರ್ಕರ್ ಬೇಕು. ಸಾಕಾಗಿ ಒಬ್ರು ರಾಜೀನಾಮೆ ಕೊಟ್ರೆ ಅವರ ಕೇಸುಗಳೆಲ್ಲಾ ಉಳಿದವರ ತಲೆ ಮೇಲೆ. ಬಿತ್ತನೆ ಬೀಜನ ಅಡಿಗೆಗೆ ಹಾಕಿದ ಹಾಗೆ ಇದು, ಇವತ್ತಿನ ರಾತ್ರಿ ಕಳೆಯುತ್ತೆ, ಮುಂದಿನ ಬೆಳೆ ಇರಲ್ಲ. ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಅರ್ಥ ಮಾಡ್ಕೊಳ್ಳಲೇಬೇಕಾದ ಮುಖ್ಯ ಮಾತು ಇದೇ. ಮಕ್ಕಳಿಗೆ ಮನೆ ಹುಡುಕೋ ಜನರನ್ನೇ ಮನೆ ಇಲ್ಲದ ಮಕ್ಕಳನ್ನ ಕಾಯೋಕೆ ಕೂರಿಸ್ತಿದಾರೆ.

ಟೆಕ್ಸಸ್ ಒಂದೇ ಅಲ್ಲ. ಟೆನೆಸ್ಸಿಯಲ್ಲಿ 2022ರಲ್ಲಿ ಮಕ್ಕಳು ಇಲಾಖೆಯ ಆಫೀಸುಗಳ ನೆಲದ ಮೇಲೆ ಮಲಗ್ತಿದ್ದಿದ್ದು ದೊಡ್ಡ ಸುದ್ದಿ ಆಯ್ತು, ಆ ವರ್ಷದ ಡಿಸೆಂಬರಲ್ಲಿ ಬಂದ ಸರ್ಕಾರಿ ಆಡಿಟ್‌ನಲ್ಲಿ ಮೊದಲನೇ ವರ್ಷದ ಕೇಸ್ ಮ್ಯಾನೇಜರ್‌ಗಳಲ್ಲಿ ಕೆಲಸ ಬಿಟ್ಟು ಹೋಗೋ ಪ್ರಮಾಣ ಶೇ. 97 ಅಂತ ಇತ್ತು. ಅಂದ್ರೆ ಹೊಸದಾಗಿ ಸೇರಿದವರಲ್ಲಿ ಹೆಚ್ಚುಕಡಿಮೆ ಯಾರೂ ನಿಲ್ತಿರಲಿಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ಹೋಟೆಲ್ ವಾಸದ ಮೇಲೆ 2021ರಲ್ಲಿ ಕೇಸ್ ಬಿದ್ದು ಮುಂದಿನ ವರ್ಷ ರಾಜಿ ಆಯ್ತು. ಕಾನ್ಸಾಸ್‌ನಲ್ಲಿ ಫಾಸ್ಟರ್ ಕೇರನ್ನ ಖಾಸಗಿ ಸಂಸ್ಥೆಗಳಿಗೆ ವಹಿಸಿದಾರೆ, ಅಲ್ಲೂ ಮಕ್ಕಳು ದಿನಕ್ಕೊಂದು ಕಡೆ ಮಲಗೋ ಪರಿಸ್ಥಿತಿ ಬಂದು 2018ರಲ್ಲಿ ಕೇಸ್ ಆಗಿ, ಆಫೀಸಲ್ಲಿ ಮಲಗಿಸೋದನ್ನ ನಿಲ್ಲಿಸ್ತೀವಿ ಅಂತ ರಾಜ್ಯ ಒಪ್ಕೊಂಡಿತು. ಇಲಿನಾಯ್‌ನಲ್ಲಿ ಇದೇ ಕಾಯಿಲೆ ಬೇರೆ ರೂಪದಲ್ಲಿ, ಮಕ್ಕಳು ಗುಣ ಆಗಿ ಡಿಸ್ಚಾರ್ಜ್‌ಗೆ ರೆಡಿ ಇದ್ರೂ ಕಳಿಸೋಕೆ ಜಾಗ ಇಲ್ಲದೆ ಮಾನಸಿಕ ಆಸ್ಪತ್ರೆಯಲ್ಲೇ ವಾರಗಟ್ಟಲೆ ಉಳಿದ್ರು, 2022ರಲ್ಲಿ ಶಿಕಾಗೋದ ಜಡ್ಜ್ ಒಬ್ಬರು ಇಲಾಖೆ ಮುಖ್ಯಸ್ಥರ ಮೇಲೆ ಹಲವು ಸಲ ನ್ಯಾಯಾಂಗ ನಿಂದನೆ ಆದೇಶ ಹೊರಡಿಸಿದ್ರು.

ಟೆಕ್ಸಸ್ ಶಾಸನಸಭೆ 2021ರಲ್ಲೇ ಒಂದು ಕಾನೂನು ಮಾಡ್ತು, ಇನ್ಮೇಲೆ ಇಲಾಖೆ ಆಫೀಸಲ್ಲಿ ಯಾವ ಮಗುನೂ ರಾತ್ರಿ ಮಲಗಿಸೋ ಹಾಗಿಲ್ಲ ಅಂತ. ಉದ್ದೇಶ ಒಳ್ಳೇದೇ, ಆಫೀಸಲ್ಲಿ ಮಂಚ ಇಲ್ಲ, ಸ್ನಾನದ ಮನೆ ಇಲ್ಲ, ಅಡುಗೆ ಮಾಡೋ ಹಾಗಿಲ್ಲ. ಆದ್ರೆ ಆಫೀಸನ್ನ ನಿಷೇಧ ಮಾಡಿದ್ರೆ ಮನೆ ಹುಟ್ಟಲ್ಲವಲ್ಲ, ಮಕ್ಕಳು ಹೋಟೆಲಿಗೆ ಮತ್ತೆ ಬಾಡಿಗೆ ಮನೆಗಳಿಗೆ ಹೋದ್ರು, ಶಿಫ್ಟ್ ಮಾಡೋ ಕೇಸ್ ವರ್ಕರುಗಳೂ ಅವರ ಹಿಂದೆ ಅಲ್ಲಿಗೆ ಹೋದ್ರು. ಅದೇ ವರ್ಷ ವಿಶೇಷ ಅಧಿವೇಶನದಲ್ಲಿ 9 ಕೋಟಿ ಡಾಲರ್ ಕೊಟ್ಟು ಸಂಸ್ಥೆಗಳನ್ನ ಉಳಿಸಿಕೊಳ್ಳೋಕೆ, ಬೆಡ್ ಹೆಚ್ಚಿಸೋಕೆ ನೋಡಿದ್ರು, ಸಂಖ್ಯೆ ಆಮೇಲೆ ಇಳೀತು ಕೂಡ, ಆದ್ರೆ ಸೊನ್ನೆಗೆ ಬರಲಿಲ್ಲ.

ಆ ಹೋಟೆಲ್ಲು ಬಾಡಿಗೆ ಮನೆಗಳ ಒಳಗೆ ಏನು ನಡೀತಿತ್ತು ಅಂತ ಕೋರ್ಟ್ ಮಾನಿಟರ್‌ಗಳು ಬರೆದಿರೋದನ್ನ ಓದಿದ್ರೆ ಹೊಟ್ಟೆ ಉರಿಯುತ್ತೆ. ಮಾತ್ರೆ ತಪ್ಪಿ ಹೋಗೋದು, ಮಕ್ಕಳು ರಾತ್ರೋರಾತ್ರಿ ಹೊರಗೆ ಹೋಗೋದು, ಒಬ್ಬರಿಗೊಬ್ಬರು ಹೊಡ್ಕೊಳ್ಳೋದು, ಹೊರಗಡೆ ಇಂಥ ಮಕ್ಕಳಿಗೇ ಹೊಂಚು ಹಾಕೋ ಕೆಟ್ಟ ಜನರ ಕೈಗೆ ಸಿಗೋದು, ಮಾತೆತ್ತಿದ್ರೆ ಪೊಲೀಸ್ ಬರೋದು. ಇದಕ್ಕೆ ಶಿಫ್ಟ್ ಮೇಲಿದ್ದವರನ್ನ ಬೈಯ್ಯೋದು ಸುಲಭ. ಅವರ ಕೈಯಲ್ಲಿ ಏನಿತ್ತು ನೋಡಿ. ಬಾಗಿಲಿಗೆ ಬೀಗ ಹಾಕೋ ಹಾಗಿಲ್ಲ, ಇದು ಜೈಲಲ್ಲ. ಕೈ ಹಿಡಿದು ಎಳೆಯೋ ಹಾಗಿಲ್ಲ, ಆ ಟ್ರೈನಿಂಗ್ ಇಲ್ಲ. ಹುಡುಗಿ ಎದ್ದು ಹೊರಟ್ರೆ ಹಿಂದೆ ಹೋಗಿ ಮಾತಾಡಿಸ್ಬಹುದು, ಬರಲ್ಲ ಅಂದ್ರೆ ಪೊಲೀಸಿಗೆ ಫೋನ್ ಮಾಡ್ಬಹುದು. 2014ರ ಫೆಡರಲ್ ಕಾನೂನಿನ ಪ್ರಕಾರ ಕಾಣೆಯಾದ ಮಗು ಬಗ್ಗೆ 24 ಗಂಟೆ ಒಳಗೆ ಪೊಲೀಸರಿಗೂ ಕಾಣೆಯಾದ ಮಕ್ಕಳ ರಾಷ್ಟ್ರೀಯ ಕೇಂದ್ರಕ್ಕೂ ವರದಿ ಮಾಡ್ಲೇಬೇಕು. ಅಷ್ಟೇ ಅವರ ಅಧಿಕಾರ. ಮಗುನ ನಿಜವಾಗ್ಲೂ ತಡೆಯೋ ಶಕ್ತಿ ಇರೋದು ಪರಿಚಯಕ್ಕೆ. "ಊಟ ಮಾಡಿ ಹೋಗೇ, ಆಮೇಲೆ ಮಾತಾಡೋಣ" ಅಂತ ಹೇಳೋಕೆ ಆ ಮಗು ನಂಬೋ ಒಂದು ಮುಖ ಬೇಕು. ಎಂಟೆಂಟು ಗಂಟೆ ಶಿಫ್ಟಾದ್ರೆ ವಾರಕ್ಕೆ 21 ಸಲ ಜನ ಬದಲಾಗ್ತಾರೆ, ನಾಲ್ಕು ಗಂಟೆದಾದ್ರೆ 42 ಸಲ. ಅಷ್ಟು ಜನರಲ್ಲಿ ಮಗು ಯಾರ ಹೆಸರು ನೆನಪಿಟ್ಕೊಳ್ಳುತ್ತೆ?

2023ರ ಡಿಸೆಂಬರಲ್ಲಿ ಜಡ್ಜ್ ಜ್ಯಾಕ್ ಅವರ ಮುಂದೆ ವಿಚಾರಣೆ ನಡೆದಾಗ ಈ ಓವರ್‌ಟೈಮ್ ವಿಷಯ ನೇರವಾಗಿ ಬಂತು, ಇಂಥ ಶಿಫ್ಟ್ ಮಾಡೋ ಕೇಸ್ ವರ್ಕರುಗಳ ಕೈಲಿ ವಾರಕ್ಕೆ 50 ಗಂಟೆಗಿಂತ ಹೆಚ್ಚು ಕೆಲಸ ಮಾಡಿಸ್ಬಾರದು ಅಂತ ಆದೇಶ ಆಯ್ತು. ಒಬ್ಬ ಫೆಡರಲ್ ಜಡ್ಜ್ ಕೂತು ಸರ್ಕಾರಿ ನೌಕರರ ನಿದ್ದೆ ಬಗ್ಗೆ ಆದೇಶ ಬರೀಬೇಕಾಯ್ತು ಅಂದ್ರೆ ಪರಿಸ್ಥಿತಿ ಎಲ್ಲಿಗೆ ಬಂದಿತ್ತು ಅಂತ ಅಂದಾಜು ಮಾಡ್ಬಹುದು. ಮುಂದೆ 2024ರ ಅಕ್ಟೋಬರಲ್ಲಿ ಮೇಲಿನ ಕೋರ್ಟು ಆ ಜಡ್ಜನ್ನೇ ಈ ಕೇಸಿಂದ ತೆಗೆದುಹಾಕ್ತು, ಅದು ಇನ್ನೊಂದು ದೊಡ್ಡ ಕಾನೂನು ಜಗಳ, ಅದಕ್ಕೆ ಇಲ್ಲಿ ಹೋಗಲ್ಲ.

ಸರಿ, ಕೇಸ್ ವರ್ಕರ್ ಬೇಡ ಅಂದ್ರೆ ಮತ್ತೆ ಯಾರು? ರಾಜ್ಯಗಳು ಮಾಡೋ ಇನ್ನೊಂದು ಕೆಲಸ ಅಂದ್ರೆ ಸ್ಟಾಫಿಂಗ್ ಏಜೆನ್ಸಿಗಳ ಹತ್ರ ಗಂಟೆ ಲೆಕ್ಕದಲ್ಲಿ ಜನ ತಗೊಳ್ಳೋದು, ಡ್ಯೂಟಿ ಮುಗಿಸಿದ ಪೊಲೀಸರನ್ನ ಸೆಕ್ಯುರಿಟಿ ಅಂತ ಕೂರಿಸೋದು. ನನಗೆ ಕೊನೆಯದು ಇಷ್ಟ ಆಗಲ್ಲ. ಮೊದಲೇ ಹೆದರಿದ ಮಗು ಮುಂದೆ ಸೊಂಟದಲ್ಲಿ ಗನ್ ಇರೋ ಒಬ್ಬ ಮನುಷ್ಯನ್ನ ಕೂರಿಸಿದ್ರೆ, ಒಂದು ತಟ್ಟೆ ಎಸೆದಿದ್ದೂ ಪೊಲೀಸ್ ಕೇಸ್ ಆಗ್ಬಿಡುತ್ತೆ. ಏಜೆನ್ಸಿ ಜನರಲ್ಲಿ ಒಳ್ಳೆಯವರು ಖಂಡಿತ ಇದಾರೆ, ನರ್ಸಿಂಗ್ ಹೋಮಲ್ಲಿ ಕೆಲಸ ಮಾಡಿದವರು, ಸ್ಪೆಷಲ್ ಸ್ಕೂಲಲ್ಲಿ ಆಯಾ ಆಗಿದ್ದವರು, ಮಕ್ಕಳ ಮೇಲೆ ನಿಜವಾದ ಕರುಳು ಇರೋರು. ಆದ್ರೆ ಅವಸರ ಅನ್ನೋದೇ ಇಲ್ಲಿ ಅಪಾಯ. ಮಕ್ಕಳ ಸಂಸ್ಥೆಯಲ್ಲಿ ಕೆಲಸ ಮಾಡೋರಿಗೆಲ್ಲಾ ಬೆರಳಚ್ಚು ಚೆಕ್ ಆಗ್ಬೇಕು, ಮಕ್ಕಳ ಮೇಲಿನ ದೌರ್ಜನ್ಯದ ರಿಜಿಸ್ಟರಲ್ಲಿ ಹೆಸರಿದೆಯಾ ನೋಡ್ಬೇಕು ಅಂತ ಫೆಡರಲ್ ನಿಯಮ ಇದೆ, ಅದಕ್ಕೆ ದಿನಗಳು ಹಿಡಿಯುತ್ತೆ, ಜನ ಬೇಕಾಗಿರೋದು ಮಾತ್ರ ಇವತ್ತು ರಾತ್ರಿಗೆ. ಹೋಟೆಲ್ ರೂಮಿಗೆ ಮಕ್ಕಳ ಸಂಸ್ಥೆ ಅಂತ ಲೈಸೆನ್ಸೇ ಇಲ್ಲದೆ ಇರೋದ್ರಿಂದ ಲೈಸೆನ್ಸ್ ಜೊತೆ ಬರೋ ತಪಾಸಣೆ, ಎಷ್ಟು ಮಕ್ಕಳಿಗೆ ಎಷ್ಟು ಜನ ಅನ್ನೋ ನಿಯಮ, ಬೆಂಕಿ ಸುರಕ್ಷತೆ ಯಾವುದೂ ತಾನಾಗೇ ಅನ್ವಯ ಆಗಲ್ಲ. ಎಲ್ಲರಿಗಿಂತ ಕಷ್ಟದಲ್ಲಿರೋ ಮಕ್ಕಳು ಎಲ್ಲದಕ್ಕಿಂತ ಕಮ್ಮಿ ನಿಯಮ ಇರೋ ಜಾಗದಲ್ಲಿ ಇರ್ತಾರೆ.

ದುಡ್ಡಿನ ಮಾತೂ ಹೇಳ್ಲೇಬೇಕು. ಟೆಕ್ಸಸ್‌ನಲ್ಲಿ ಹಲವು ವರ್ಷ ಒಂದು ಫಾಸ್ಟರ್ ಕುಟುಂಬಕ್ಕೆ ಸಾಮಾನ್ಯ ಮಗುಗೆ ದಿನಕ್ಕೆ ಕನಿಷ್ಠ ಸಿಗ್ತಿದ್ದಿದ್ದು 27.07 ಡಾಲರ್, ಅತಿ ಹೆಚ್ಚು ಆರೈಕೆ ಬೇಕಾದ ಮಗುಗೆ 92.43 ಡಾಲರ್. ಈಗ ಶಿಫ್ಟ್ ಮನೆ ನೋಡಿ, ಇಬ್ಬರು ಸಿಬ್ಬಂದಿ ಅಂದ್ರೆ ದಿನಕ್ಕೆ 48 ಗಂಟೆ ಸಂಬಳ, ಗಂಟೆಗೆ 15 ಡಾಲರ್ ಅಂತ ತೀರಾ ಕಮ್ಮಿ ಹಿಡಿದ್ರೂ 720 ಡಾಲರ್, ಮೂರು ಮಕ್ಕಳಿಗೆ ಹಂಚಿದ್ರೆ ತಲೆಗೆ 240. ಓವರ್‌ಟೈಮ್ ಆದ್ರೆ ಒಂದೂವರೆ ಪಟ್ಟು, ಏಜೆನ್ಸಿ ಆದ್ರೆ ಅವರ ಕಮಿಷನ್ನು, ಮೇಲೆ ಬಾಡಿಗೆ, ಹೊರಗಿನ ಊಟ, ಸೆಕ್ಯುರಿಟಿ. ಇನ್ನೊಂದು ಪೆಟ್ಟು ಏನಂದ್ರೆ, ಫಾಸ್ಟರ್ ಕೇರಿಗೆ ಬರೋ ಮುಖ್ಯ ಫೆಡರಲ್ ನಿಧಿ ಲೈಸೆನ್ಸ್ ಇರೋ ಮನೆ ಅಥವಾ ಸಂಸ್ಥೆಗೆ ಮಾತ್ರ, ಹೋಟೆಲ್ ಖರ್ಚೆಲ್ಲಾ ರಾಜ್ಯದ ಜೇಬಿಂದಲೇ. ಕಷ್ಟದ ಮಗುನ ಇಟ್ಕೊಳ್ಳೋಕೆ ಒಪ್ಪೋ ಕುಟುಂಬಕ್ಕೆ ಇದೇ ದುಡ್ಡಲ್ಲಿ ಅರ್ಧ ಕೊಟ್ಟು, ಮನೆಗೇ ಬರೋ ಥೆರಪಿಸ್ಟ್ ಕೊಟ್ಟು, ತಿಂಗಳಿಗೆ ಎರಡು ದಿನ ಬೇರೆಯವರು ಬಂದು ನೋಡ್ಕೊಂಡು ಅವರಿಗೆ ಸ್ವಲ್ಪ ಉಸಿರಾಡೋಕೆ ಬಿಟ್ಟಿದ್ರೆ ಇನ್ನೂ ಎಷ್ಟು ಮನೆ ತೆರೀತಿದ್ವೋ ಅಂತ ನನಗೆ ಪದೇ ಪದೇ ಅನ್ಸುತ್ತೆ. ದುಡ್ಡು ಖರ್ಚು ಆಗ್ತಾನೇ ಇದೆ, ತಪ್ಪು ಜಾಗದಲ್ಲಿ, ತಪ್ಪು ಹೊತ್ತಲ್ಲಿ.

ಹಾಗಂತ ಎಮರ್ಜೆನ್ಸಿ ಸಿಬ್ಬಂದಿನೇ ಬೇಡ ಅಂತ ನಾನು ಹೇಳ್ತಿಲ್ಲ. ಇವತ್ತು ರಾತ್ರಿ ಮಗು ಆಫೀಸಲ್ಲಿ ಕೂತಿದೆ ಅಂದ್ರೆ ಯಾರೋ ಇರ್ಲೇಬೇಕು, ನಿಯಮ ಸರಿಹೋಗೋ ತನಕ ಮಗು ಕಾಯೋಕಾಗಲ್ಲ. ಹಾಗಾದ್ರೆ ಅದನ್ನ ಚೆನ್ನಾಗಿ ಮಾಡೋದು ಹೇಗೆ? ಮೊದಲನೇದಾಗಿ ಇದಕ್ಕೇ ಅಂತ ಬೇರೆ ತಂಡ ಇರ್ಬೇಕು, ಕೇಸ್ ವರ್ಕರ್‌ಗಳ ರೋಸ್ಟರ್‌ಗೆ ಕೈ ಹಾಕ್ಬಾರದು. ಆ ತಂಡಕ್ಕೆ ಕೆಲಸ ಇಲ್ಲದ ದಿನವೂ ಸಂಬಳ ಕೊಡ್ಬೇಕು, ಫೈರ್ ಸ್ಟೇಷನ್‌ನವರಿಗೆ ಬೆಂಕಿ ಬೀಳದ ದಿನ ಸಂಬಳ ಕಟ್ ಮಾಡ್ತೀವಾ? ತಪಾಸಣೆ, ಮಾತ್ರೆ ಕೊಡೋ ತರಬೇತಿ, ಗಲಾಟೆ ಶುರುವಾಗೋ ಮುಂಚೆನೇ ತಣ್ಣಗೆ ಮಾಡೋ ತರಬೇತಿ ಎಲ್ಲಾ ಮಗು ಬರೋ ಮುಂಚೆ ಆಗಿರ್ಬೇಕು. ಆಮೇಲೆ ಅದೇ ಮುಖಗಳು ಅದೇ ಮಕ್ಕಳ ಹತ್ರ ಬರೋ ಹಾಗೆ ಶಿಫ್ಟ್ ಹಾಕ್ಬೇಕು, ಮತ್ತೆ ಶಿಫ್ಟ್ ಬದಲಾಗೋವಾಗ ಹದಿನೈದು ನಿಮಿಷ ಜೊತೆಗೆ ಕೂತು ಹೇಳೋದು ಅಂತ ಇರ್ಬೇಕು. ಏನು ಮಾತ್ರೆ ಆಯ್ತು, ಯಾವ ಮಾತಿಗೆ ಅಳು ಬಂತು, ಅಮ್ಮನ ಫೋನ್ ಬಂದ್ಮೇಲೆ ಒಂದು ಗಂಟೆ ಒಬ್ಬಳೇ ಬಿಡ್ಬೇಕು, ರಾತ್ರಿ ಲೈಟ್ ಆರಿಸಿದ್ರೆ ಹೆದರ್ತಾಳೆ, ಮೊಟ್ಟೆ ತಿನ್ನಲ್ಲ. ಮನೆಯಲ್ಲಿ ಅಮ್ಮನಿಗೆ ಇದೆಲ್ಲಾ ಹೇಳದೇ ಗೊತ್ತಿರುತ್ತೆ, ಇಲ್ಲಿ ಬರೆದಿಟ್ರೆ ಮಾತ್ರ ಮುಂದಿನವರಿಗೆ ಗೊತ್ತಾಗೋದು. ಆ ಬರಹದ ಗುಣಮಟ್ಟದ ಮೇಲೆ ಒಂದು ಮಗುವಿನ ರಾತ್ರಿ ನಿಂತಿರುತ್ತೆ ಅಂದ್ರೆ ಅತಿಶಯೋಕ್ತಿ ಅಲ್ಲ.

ಸ್ಕೂಲಿನ ವಿಷಯ ಜನ ಮರೀತಾರೆ. ಹೋಟೆಲಲ್ಲಿರೋ ಮಗುನ ಬೆಳಿಗ್ಗೆ ಯಾರು ಎಬ್ಬಿಸ್ತಾರೆ, ಹಳೇ ಸ್ಕೂಲು 60 ಮೈಲಿ ದೂರ ಇದ್ರೆ ಯಾರು ಕರ್ಕೊಂಡು ಹೋಗ್ತಾರೆ? ಹೋಗದೆ ಇದ್ರೆ ಹಗಲೆಲ್ಲಾ ರೂಮಲ್ಲಿ ಟಿವಿ, ಫೋನು, ಬೇಜಾರು, ಸಂಜೆ ಹೊತ್ತಿಗೆ ಜಗಳ. ಸ್ಕೂಲಿಗೆ ಹೋಗೋ ಮಕ್ಕಳಿರೋ ಕಡೆ ರಾತ್ರಿ ಗಲಾಟೆ ಕಮ್ಮಿ ಇರುತ್ತೆ ಅನ್ನೋದಕ್ಕೆ ದೊಡ್ಡ ಸಂಶೋಧನೆ ಬೇಕಾಗಿಲ್ಲ, ಬೇಸಿಗೆ ರಜೆಯಲ್ಲಿ ಮಕ್ಕಳನ್ನ ಮನೆಯಲ್ಲಿ ಕೂರಿಸ್ಕೊಂಡ ಯಾರನ್ನಾದ್ರೂ ಕೇಳಿ.

ಕೊನೆಗೆ ಪರಿಹಾರ ಅಂತ ಇರೋದು ಶಿಫ್ಟಿನ ಆಚೆ. ನ್ಯೂಜೆರ್ಸಿ ರಾಜ್ಯ ಇಲ್ಲಿ ಗಮನಿಸ್ಬೇಕಾದ ಉದಾಹರಣೆ. ಅಲ್ಲಿ ಮಗು ಮನೆಯಲ್ಲಿ ಕೈಮೀರಿ ವರ್ತಿಸ್ತಿದ್ರೆ ಅಪ್ಪ ಅಮ್ಮ ಒಂದು ನಂಬರಿಗೆ ಫೋನ್ ಮಾಡಿದ್ರೆ ಒಂದು ಗಂಟೆ ಒಳಗೆ ತರಬೇತಿ ಇರೋರು ಮನೆಗೇ ಬರೋ ವ್ಯವಸ್ಥೆ ಇಡೀ ರಾಜ್ಯದಲ್ಲಿದೆ. ಫಾಸ್ಟರ್ ಪೋಷಕರಿಗೂ ಇದು ಸಿಗುತ್ತೆ. ಅಂದ್ರೆ ರಾತ್ರಿ ಹನ್ನೊಂದಕ್ಕೆ "ನಮ್ಮಿಂದ ಆಗಲ್ಲ, ಬಂದು ಕರ್ಕೊಂಡು ಹೋಗಿ" ಅನ್ನೋ ಫೋನು ಇಲಾಖೆಗೆ ಹೋಗೋ ಬದಲು, ಸಹಾಯನೇ ಮನೆಗೆ ಬರುತ್ತೆ, ಮಗು ಅದೇ ಮನೆಯಲ್ಲಿ ಉಳಿಯುತ್ತೆ, ಹೋಟೆಲಿನ ಪ್ರಶ್ನೆನೇ ಬರಲ್ಲ. ಸಂಬಂಧಿಕರ ವಿಷಯದಲ್ಲೂ ಒಂದು ಒಳ್ಳೇ ಬದಲಾವಣೆ ಆಗಿದೆ, 2023ರ ಸೆಪ್ಟೆಂಬರಲ್ಲಿ ಬಂದ ಫೆಡರಲ್ ನಿಯಮದ ಪ್ರಕಾರ ಅಜ್ಜಿ ತಾತ ಅತ್ತೆ ಮಾವಂದಿರಿಗೆ ಅಂತಾನೇ ಬೇರೆ ಸರಳ ಲೈಸೆನ್ಸ್ ಇಡ್ಬಹುದು, ಬೆಡ್‌ರೂಮ್ ಅಳತೆ ಸಾಲಲ್ಲ ಅನ್ನೋ ಥರದ ಕಾರಣಕ್ಕೆ ಸ್ವಂತ ಅಜ್ಜಿನ ತಿರಸ್ಕರಿಸೋ ಅಗತ್ಯ ಇಲ್ಲ, ಮತ್ತೆ ಅವರಿಗೂ ಫಾಸ್ಟರ್ ಕುಟುಂಬದಷ್ಟೇ ದುಡ್ಡು ಸಿಗ್ಬೇಕು. ಟೆಕ್ಸಸ್‌ನಲ್ಲೂ ಮಾನಸಿಕ ಚಿಕಿತ್ಸೆಗೋಸ್ಕರ ಮಗುನ ಸರ್ಕಾರಕ್ಕೆ ಒಪ್ಪಿಸೋದನ್ನ ತಪ್ಪಿಸೋಕೆ, ಸುಪರ್ದಿ ಅಪ್ಪ ಅಮ್ಮನ ಹತ್ರನೇ ಇಟ್ಟು ಟ್ರೀಟ್‌ಮೆಂಟ್ ಸೆಂಟರಿನ ಖರ್ಚನ್ನ ರಾಜ್ಯ ಕೊಡೋ ಒಂದು ಯೋಜನೆ ಇದೆ, ಅದು ಎಷ್ಟೋ ಅಪ್ಪ ಅಮ್ಮಂದಿರಿಗೆ ಗೊತ್ತೇ ಇರಲ್ಲ.

ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಕಡೆ ಕನ್ನಡದವರು ತುಂಬಾ ಜನ ಇದೀರ, ಇದನ್ನ ಓದ್ತಿರೋರಲ್ಲಿ ಕೆಲವರಾದ್ರೂ ಏನು ಮಾಡ್ಬಹುದು ಅಂತ ಕೇಳ್ತೀರ ಅಂತ ಗೊತ್ತು. ಪೂರ್ತಿ ಫಾಸ್ಟರ್ ಪೋಷಕರಾಗೋದು ದೊಡ್ಡ ನಿರ್ಧಾರ, ಟೆಕ್ಸಸ್‌ನಲ್ಲಿ 21 ವರ್ಷ ಆಗಿದ್ರೆ, ಮದುವೆ ಆಗಿರ್ಲಿ ಬಿಡ್ಲಿ, ಸ್ವಂತ ಮನೆ ಇರ್ಲಿ ಬಾಡಿಗೆ ಇರ್ಲಿ ಅರ್ಜಿ ಹಾಕ್ಬಹುದು, ತರಬೇತಿ ಮತ್ತೆ ಮನೆ ತಪಾಸಣೆ ಇರುತ್ತೆ. ಅಷ್ಟು ಆಗಲ್ಲ ಅಂದ್ರೆ ರೆಸ್ಪೈಟ್ ಅಂತ ಇದೆ, ಬೇರೆ ಫಾಸ್ಟರ್ ಕುಟುಂಬದ ಮಗುನ ವಾರಾಂತ್ಯಕ್ಕೋ ನಾಲ್ಕು ದಿನಕ್ಕೋ ನೋಡ್ಕೊಂಡು ಆ ಕುಟುಂಬ ಕೈ ಬಿಡದ ಹಾಗೆ ಮಾಡೋದು. ಇನ್ನೊಂದು ಕಾಸಾ, 1977ರಲ್ಲಿ ಸಿಯಾಟಲ್‌ನಲ್ಲಿ ಒಬ್ಬ ಜಡ್ಜ್ ಶುರು ಮಾಡಿದ ಯೋಜನೆ, ಇಲ್ಲಿ ಸ್ವಯಂಸೇವಕರು ಒಂದು ಮಗು ಅಥವಾ ಅಣ್ಣತಮ್ಮಂದಿರ ಗುಂಪಿನ ಜೊತೆ ಕೇಸ್ ಮುಗಿಯೋ ತನಕ ಇದ್ದು, ಮಗುಗೆ ಏನು ಬೇಕು ಅಂತ ನೇರವಾಗಿ ಜಡ್ಜ್ ಮುಂದೆ ಹೇಳ್ತಾರೆ. ಕೇಸ್ ವರ್ಕರ್ ಬದಲಾದ್ರೂ, ಮನೆ ಬದಲಾದ್ರೂ, ಮಗು ಹೋಟೆಲಿಗೆ ಹೋದ್ರೂ ಆ ಒಬ್ಬರು ಬದಲಾಗ್ಬಾರದು ಅನ್ನೋದೇ ಅದರ ಉದ್ದೇಶ. ಅದಕ್ಕೆ 30 ಗಂಟೆ ತರಬೇತಿ ಬೇಕು, ಬ್ಯಾಕ್‌ಗ್ರೌಂಡ್ ಚೆಕ್ ಇರುತ್ತೆ, ಲಾಯರ್ ಆಗಿರ್ಬೇಕಾಗಿಲ್ಲ, ಆಫೀಸ್ ಕೆಲಸ ಮಾಡ್ಕೊಂಡೇ ಮಾಡೋರು ಬೇಕಾದಷ್ಟು ಜನ ಇದಾರೆ.